ಅತ್ತಿಗೆ ನೇಗಿಲಿಗೆ ಅಳತೆ ತೆಗೆದದ್ದು

ನಮ್ಮ ಅತ್ತಿಗೆಯ ಕುತ್ತಿಗೆಯಲ್ಲಿ ಅಳತೆ ಟೇಪು ಇಲ್ಲದ ಹೊತ್ತನ್ನು ನಾನು ಹೆಚ್ಚು ನೋಡಿಲ್ಲ. ಊಟಕ್ಕೆ ಕೂತರೆ ಅದರ ಎರಡೂ ತುದಿಗಳನ್ನು ಬೆನ್ನಿನ ಹಿಂದಕ್ಕೆ ಎಸೆದುಕೊಳ್ಳುತ್ತಾರೆ. ಪ್ರಾರ್ಥನೆಗೆ ಕೂತಾಗ ಮಾತ್ರ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ದೇವರ ಮುಂದೆ ಯಾರನ್ನೂ ಅಳೆಯಬಾರದಂತೆ. ಇದನ್ನು ತಮಾಷೆಗೆ ಹೇಳುತ್ತಾರೋ ನಿಜಕ್ಕೂ ಹೇಳುತ್ತಾರೋ ಇಪ್ಪತ್ತಾರು ವರ್ಷದಿಂದ ನನಗೆ ಗೊತ್ತಾಗಿಲ್ಲ.

ಮದುವೆಯಾಗಿ ನಮ್ಮ ಮನೆಗೆ ಬಂದಾಗ ಕೈಯಲ್ಲಿ ತಿರುಗಿಸುವ ಒಂದು ಹೊಲಿಗೆ ಯಂತ್ರ ತಂದಿದ್ದರು. ಹೊಲಿಗೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದಿತ್ತು ಎಂದು ನೋಡಿ ನೋಡಿ ಕಲಿತವರು. ಬಂದ ಎರಡನೇ ವಾರವೇ ನಮ್ಮಪ್ಪನ ಒಂದೇ ಒಂದು ಕೋಟನ್ನು ಬಿಚ್ಚಿಹಾಕಿದ್ದರು. ಅಪ್ಪ ಸ್ನಾನ ಮುಗಿಸಿ ಬಂದು ನೋಡಿದರೆ ಕೋಟು ಹದಿನೆಂಟು ತುಂಡಾಗಿ ಹಾಸಿಗೆಯ ಮೇಲೆ ಮಲಗಿತ್ತು. ಸಂಜೆಯ ಹೊತ್ತಿಗೆ ಅದು ಮತ್ತೆ ಕೋಟಾಗಿತ್ತು, ಹೆಗಲು ಮೊದಲಿಗಿಂತ ಚೆನ್ನಾಗಿ ಕೂತಿತ್ತು. ಅಪ್ಪ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, “ಇಷ್ಟು ವರ್ಷ ನಾನೇ ಸೊಟ್ಟ ಅಂದ್ಕೊಂಡಿದ್ದೆ” ಎಂದರು. ಅಂದಿನಿಂದ ಅತ್ತಿಗೆಯ ಕತ್ತರಿಗೆ ಮನೆಯಲ್ಲಿ ಎದುರಿಲ್ಲದಂತಾಯಿತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆ ಎದುರಾಗಿ ಕತ್ತರಿಸುವ ಮೇಜು, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಯಂತ್ರ, ಗೋಡೆಯ ಉದ್ದಕ್ಕೂ ಮೊಳೆಗೆ ನೇತುಹಾಕಿದ ಅರೆಹೊಲಿದ ಬಟ್ಟೆಗಳು. ನಾನು ಈಗ ಮದುವೆಯಾಗಿ ಪಕ್ಕದ ಮನೆಯವಳು. ಮನೆಗೆಲಸ ಮುಗಿಸಿ ಬಂದು ಕಾಜ ಹೊಲಿದು ಗುಂಡಿ ಹಚ್ಚಿ ಕೊಡುತ್ತೇನೆ. ಅಳತೆ ಕೊಡಲು ಬಂದವರು ಕೈಯೆತ್ತಿ ನಿಂತ ಕೂಡಲೇ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತಾರೆ. ಎರಡು ಕೈಯೂ ಮೇಲಿರುವಾಗ ಮುಚ್ಚಿಡುವುದು ಕಷ್ಟವಿರಬೇಕು. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ಸೊಂಟದ ಅಳತೆಯನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಾರೆ. ಅಳತೆ ತೆಗೆದ ದಿನ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಲೆಕ್ಕ ಮನಸ್ಸಿನಲ್ಲಿ ಒಂದು ದಿನ ಕೂತು ಏಳಬೇಕಂತೆ.

ಅವಸರ ಏನಿದ್ದರೂ ನಮ್ಮಣ್ಣನದು. ಅವನಿಗೆ ಐವತ್ತೆಂಟು, ಅವನ ಟ್ರ್ಯಾಕ್ಟರಿಗೆ ನಲವತ್ತಾರು. ಅದನ್ನು ಅವನು ‘ಮುದುಕ’ ಎಂದೇ ಕರೆಯುವುದು. ಬೆಳಿಗ್ಗೆ ಚಾಲೂ ಮಾಡುವ ಮೊದಲು ಅದರ ಮೂತಿಯ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಲ್ಲುತ್ತಾನೆ. ಮುದುಕನೂ ಅವನಿಗೆ ಮರ್ಯಾದೆ ಕೊಡುತ್ತಾನೆ. ಬೇರೆ ಯಾರು ಕೀಲಿ ತಿರುಗಿಸಿದರೂ ಕೆಮ್ಮಿ ಸುಮ್ಮನಾಗುತ್ತಾನೆ. ನಮ್ಮ ಬೀದಿಯ ಹಿಂದೆ ಹನ್ನೊಂದು ಮನೆಗಳ ಹೊಲ ಪಕ್ಕಪಕ್ಕದಲ್ಲಿ ಉದ್ದುದ್ದ ಪಟ್ಟಿಗಳಂತೆ ಬಿದ್ದಿದೆ, ಒಟ್ಟು ಐವತ್ತೈದು ಎಕರೆ. ಅದರಾಚೆ ಪಶ್ಚಿಮದ ಕೊನೆಗೆ ನಮ್ಮದು ಬೇರೆ ಮೂರು ಎಕರೆ. ಇಪ್ಪತ್ತು ವರ್ಷದಿಂದ ಅಷ್ಟನ್ನೂ ಉಳುತ್ತಿರುವುದು ಅಣ್ಣನೇ. ಅವನದೊಂದು ನೇಮವಿತ್ತು. ಯಾರು ಮೊದಲು ಬಂದು ಹೇಳುತ್ತಾರೋ ಅವರದು ಮೊದಲು. ಆ ಸರದಿಯನ್ನು ಅವನು ದೇವರ ಮಾತಿನಂತೆ ನಡೆಸುತ್ತಿದ್ದ. ಒಂದನೆಯವರ ಹೊಲ ಪೂರ್ವದ ತುದಿಯಲ್ಲಿದ್ದು ಎರಡನೆಯವರದು ಪಶ್ಚಿಮದ ತುದಿಯಲ್ಲಿದ್ದರೆ ನೇಗಿಲನ್ನು ಎತ್ತಿಕೊಂಡು ಅಲ್ಲಿಂದ ಇಲ್ಲಿಗೆ ಓಡುತ್ತಿದ್ದ. ಹಳೆಯ ಎರಡು ಗುಳದ ನೇಗಿಲಿನಲ್ಲಿ ಎಲ್ಲ ಮುಗಿಯಲು ಹನ್ನೆರಡು ದಿನ ಬೇಕಾಗುತ್ತಿತ್ತು. ಯಾರಿಗೂ ಆತುರವಿರಲಿಲ್ಲ.

ಹೋದ ವರ್ಷ ಆತುರ ಬಂತು. ಸಹಕಾರ ಸಂಘದವರು ಬಿತ್ತನೆ ಮಾಡುವ ದೊಡ್ಡ ಯಂತ್ರವೊಂದನ್ನು ತಂದರು. ಅದು ಎಲ್ಲ ಬೀದಿಗಳಿಗೂ ಸರದಿಯಲ್ಲಿ ಹೋಗಬೇಕು. ನಮ್ಮ ಹೊಲಗಳಿಗೆ ಸೋಮವಾರ ಬೆಳಿಗ್ಗೆ ಬಂದು ಮಂಗಳವಾರ ಮುಂದಕ್ಕೆ ಹೋಗುತ್ತದೆ ಎಂದು ಚೀಟಿ ಅಂಟಿಸಿದರು. ನೆಲದ ಹಸಿ ಆರಿ ಉಳುವ ಹದಕ್ಕೆ ಬರುವುದು ಅದರ ಹಿಂದಿನ ಮಂಗಳವಾರ. ಮಂಗಳವಾರದಿಂದ ಭಾನುವಾರದವರೆಗೆ ಎಣಿಸಿದರೆ ಆರೇ ದಿನ.

ಹನ್ನೊಂದು ಜನರಲ್ಲಿ ಹೆಚ್ಚು ಭೂಮಿ ಇರುವವರು ಡೇರಿ ಮಾಮ. ಹಾಲಿನ ಡೇರಿ ನಡೆಸುತ್ತಾರೆ, ದೊಡ್ಡ ದೇಹ, ಮಾತು ನೇರ. ಹೆದ್ದಾರಿಯ ಆಚೆ ಒಬ್ಬರ ಹತ್ತಿರ ಹೊಸ ದೊಡ್ಡ ಟ್ರ್ಯಾಕ್ಟರ್ ಇದೆ, ಮೂರು ದಿನಕ್ಕೆ ಎಲ್ಲವನ್ನೂ ಮುಗಿಸಿ ಕೊಡುತ್ತದೆ ಎಂದು ಅವರು ವಿಚಾರಿಸಿಕೊಂಡು ಬಂದಿದ್ದರು. ಅದನ್ನು ಅಣ್ಣನಿಗೆ ಮುಖಕ್ಕೇ ಹೇಳಿದರು, ಹಿಂದಿನಿಂದ ಆಡಲಿಲ್ಲ. ಆರು ದಿನಕ್ಕೆ ಆಗುತ್ತದೆಂದರೆ ನೀನೇ ಮಾಡು, ಆಗದಿದ್ದರೆ ಈಗಲೇ ಹೇಳು ಎಂದರು. ಆಗುತ್ತದೆ ಎಂದು ಅಣ್ಣ ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟ. ಆ ದೊಡ್ಡ ಟ್ರ್ಯಾಕ್ಟರ್ ಒಂದು ಸಲ ನಮ್ಮ ಹೊಲಕ್ಕೆ ಇಳಿದರೆ ಪ್ರತಿ ವರ್ಷವೂ ಇಳಿಯುತ್ತದೆ, ಮುದುಕನಿಗೂ ಅಣ್ಣನಿಗೂ ಶೆಡ್ಡಿನಲ್ಲಿ ಕೂರುವುದೇ ಕೆಲಸವಾಗುತ್ತದೆ ಎಂಬುದು ಹೇಳಿದವರಿಗೂ ಗೊತ್ತಿತ್ತು, ಕೇಳಿಸಿಕೊಂಡವನಿಗೂ ಗೊತ್ತಿತ್ತು.

ಆ ಮಂಗಳವಾರಕ್ಕೆ ಮೊದಲಿನ ಶನಿವಾರ ಬೆಳಿಗ್ಗೆ ಅಣ್ಣ ಹಳೆಯ ನೇಗಿಲನ್ನೂ ಟ್ರೇಲರನ್ನೂ ಮುದುಕನಿಗೆ ಕಟ್ಟಿಕೊಂಡು ಎಲ್ಲಿಗೋ ಹೋದ. ಸಂಜೆ ಬಂದಾಗ ಅವೆರಡೂ ಇರಲಿಲ್ಲ. ಅವುಗಳ ಬದಲಿಗೆ ನಾಲ್ಕು ಗುಳದ ಪಲ್ಟಿ ನೇಗಿಲು ಬಂದಿತ್ತು. ಪಲ್ಟಿ ನೇಗಿಲೆಂದರೆ ಮಣ್ಣನ್ನು ಬರೀ ಗೀರುವುದಿಲ್ಲ. ಪ್ರತಿಯೊಂದು ಗುಳದ ಮೇಲೂ ಬಾಗಿದ ಉಕ್ಕಿನ ಹಲಗೆಯಿದ್ದು, ಕೊಯ್ದ ಮಣ್ಣನ್ನು ಪೂರ್ತಿ ಮಗುಚಿ ಪಕ್ಕಕ್ಕೆ ಹಾಕುತ್ತದೆ. ಅಂಥ ನಾಲ್ಕು ಹಲಗೆಗಳು ಸಾಲಾಗಿ ಓರೆಯಾಗಿ ನಿಂತಿದ್ದವು. ನೇಗಿಲು ಟ್ರ್ಯಾಕ್ಟರಿಗಿಂತ ಉದ್ದ ಕಾಣುತ್ತಿತ್ತು.

ಎರಡು ಗುಳಕ್ಕೆ ಹನ್ನೆರಡು ದಿನವಾದರೆ ನಾಲ್ಕು ಗುಳಕ್ಕೆ ಆರು ದಿನ. ಅಣ್ಣನ ಲೆಕ್ಕ ಅಷ್ಟೇ. ಅಷ್ಟು ದೊಡ್ಡ ನೇಗಿಲನ್ನು ಮುದುಕ ಎಳೆಯುತ್ತಾನೆಯೇ ಎಂದು ನಾನು ಮೆಲ್ಲಗೆ ಕೇಳಿದೆ.

“ಬಣ್ಣ ನೋಡು” ಎಂದ ಅಣ್ಣ. “ಅದೇ ನೀಲಿ. ಒಂದೇ ಕಾರ್ಖಾನೆ, ಒಂದೇ ಕಾಲದ್ದು. ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ.”

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. “ಒಂದೇ ಥಾನಿನ ಬಟ್ಟೆ ಅಂತ ನಿಮ್ಮ ಪ್ಯಾಂಟು ನನಗಾಗುತ್ತಾ?” ಎಂದು ಕೇಳಿ ಒಳಗೆ ಹೋದರು.

ಭಾನುವಾರ ನಮ್ಮ ಹೊಲದ ಒಂದು ಮೂಲೆ ಸ್ವಲ್ಪ ಬೇಗ ಆರಿತ್ತು. ಅಲ್ಲಿ ಪರೀಕ್ಷೆ. ಅರ್ಧ ಬೀದಿ ಬದುವಿನ ಮೇಲೆ ಬಂದು ನಿಂತಿತು. ಅಣ್ಣ ನೇಗಿಲನ್ನು ನೆಲಕ್ಕೆ ಇಳಿಸಿ ಗೇರು ಹಾಕಿದ. ನಾಲ್ಕು ಗುಳಗಳೂ ಮಣ್ಣು ಕಚ್ಚಿದವು. ಕಚ್ಚಿದ್ದೇ ಮುದುಕನ ಮೂತಿ ಆಕಾಶದ ಕಡೆಗೆ ಎದ್ದಿತು. ಮುಂದಿನ ಚಕ್ರಗಳು ನೆಲ ಬಿಟ್ಟು ಒಂದು ಗೇಣು ಮೇಲೆ ತೂಗಾಡಿದವು. ಬೀದಿಯವರು ಒಂದು ಹೆಜ್ಜೆ ಹಿಂದೆ ಸರಿದರು.

ಅಣ್ಣ ಇಳಿದು ಬಂದು, ಮುಂದೆ ಭಾರ ಸಾಲದು ಎಂದ. ಮರಳು ಚೀಲಗಳನ್ನು ತಂದು ಮೂತಿಗೆ ಕಟ್ಟಿದ. ಮೂತಿ ಕೆಳಗಿಳಿಯಿತು, ಆದರೆ ಹಿಂದಿನ ದೊಡ್ಡ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ ಎರಡು ಗುಂಡಿ ತೋಡಿದವು. ಹಿಂದೆ ಭಾರ ಸಾಲದು ಎಂದ. ಟೈರುಗಳಿಗೆ ನೀರು ತುಂಬಿಸಿದ. ಇನ್ನೂ ಸ್ವಲ್ಪ ಬೇಕು ಅನ್ನಿಸಿರಬೇಕು, ಸುತ್ತ ನೋಡಿದ. ಬದುವಿನ ಮೇಲಿದ್ದವರಲ್ಲಿ ಎಲ್ಲರಿಗಿಂತ ಭಾರವಾದವರು ಡೇರಿ ಮಾಮ. ಏನು ಹೇಳಿ ಒಪ್ಪಿಸಿದನೋ, ಐದು ನಿಮಿಷದಲ್ಲಿ ಅವರು ಹಿಂದಿನ ಚಕ್ರದ ಮೇಲಿನ ತಗಡಿನ ಮೇಲೆ ಕೂತು ಕಬ್ಬಿಣದ ಸರಳು ಹಿಡಿದುಕೊಂಡಿದ್ದರು. ಟ್ರ್ಯಾಕ್ಟರ್ ಹೊರಟಿತು. ಹತ್ತು ಮಾರು ಚೆನ್ನಾಗಿಯೇ ಹೋಯಿತು. ಆಮೇಲೆ ಮುದುಕನ ಮೂತಿ ಎಡಕ್ಕೆ, ಇನ್ನೂ ಉಳದಿರುವ ನೆಲದ ಕಡೆಗೆ ತಿರುಗತೊಡಗಿತು. ಅಣ್ಣ ಸ್ಟೇರಿಂಗನ್ನು ಬಲಕ್ಕೆ ಜಗ್ಗುತ್ತಾನೆ, ಅದು ಎಡಕ್ಕೇ ಹೋಗುತ್ತದೆ. ಸಾಲು ಹಾವು ಹರಿದಂತೆ ಆಯಿತು.

ಡೇರಿ ಮಾಮ ಇಳಿದು ಬಟ್ಟೆಯ ಧೂಳು ಕೊಡವಿಕೊಂಡರು. “ನನ್ನ ಭಾರಕ್ಕೂ ಬಗ್ಗಲಿಲ್ಲವಲ್ಲೋ ನಿನ್ನ ನೇಗಿಲು” ಎಂದರು. ಬದುವಿನ ಮೇಲೆ ನಗು ಎದ್ದಿತು. ಅಣ್ಣನೂ ನಕ್ಕ. ನನಗೆ ಮಾತ್ರ ಅವನ ಕಿವಿ ಕೆಂಪಾದದ್ದು ಕಂಡಿತು. ಚಿಕ್ಕಂದಿನಿಂದಲೂ ಹಾಗೆ, ಅವನ ಅಳು ಕಿವಿಗೆ ಬರುತ್ತದೆ.

ಕೊನೆಗೆ ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ, ಆಮೆಯ ಹಾಗೆ, ನಾಲ್ಕು ಗುಳವನ್ನೂ ಎಳೆಸಿಯೇ ಎಳೆಸಿದ. ಆದರೆ ಆ ವೇಗದಲ್ಲಿ ಹಳೆಯ ಎರಡು ಗುಳದ ನೇಗಿಲೇ ಇದಕ್ಕಿಂತ ಹೆಚ್ಚು ಉಳುತ್ತಿತ್ತು. ಅದನ್ನು ವಾಪಸು ತರುವಂತಿರಲಿಲ್ಲ; ಕೊಟ್ಟವನು ಅದನ್ನು ಆಗಲೇ ಬೇರೆಯವರಿಗೆ ದಾಟಿಸಿದ್ದ.

ಆ ಸಂಜೆಯ ಪ್ರಾರ್ಥನೆಯಲ್ಲಿ ನಾನು ನೇಗಿಲಿಗಾಗಿ ಬೇಡಿಕೊಂಡೆ. ಇಂಥದ್ದಕ್ಕೆಲ್ಲ ಬೇಡಬಹುದೋ ಬಾರದೋ ಗೊತ್ತಿಲ್ಲ. ಆದರೆ ಅಣ್ಣನ ಕಿವಿ ದೇವರಿಗೂ ಕಾಣುತ್ತಿರಬೇಕಲ್ಲ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಅತ್ತಿಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿಗೆ ಹೋದರು. ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನು ಕರೆದರು. ಅಣ್ಣ ಒಂದು ಡಬ್ಬದ ಮೇಲೆ ಕೂತಿದ್ದ, ಏನು ಮಾಡುತ್ತಿದ್ದೀರಿ ಎಂದು ಕೇಳುವಷ್ಟು ಹುರುಪೂ ಅವನಲ್ಲಿ ಇರಲಿಲ್ಲ.

ಬಟ್ಟೆ ಹೊಲಿಯುವವರು ಮೊದಲು ಬೆನ್ನಿನ ಮಧ್ಯದ ಗೆರೆ ಹುಡುಕುತ್ತಾರೆ. ಅದು ತಪ್ಪಿದರೆ ಆಮೇಲೆ ಎಷ್ಟು ಚೆನ್ನಾಗಿ ಹೊಲಿದರೂ ಅಂಗಿ ಒಂದು ಕಡೆಗೆ ಎಳೆಯುತ್ತದೆ. ಅತ್ತಿಗೆ ಮುದುಕನ ಹಿಂದೆ ಮಂಡಿಯೂರಿ ಕೂತು ಅದನ್ನೇ ಮಾಡಿದರು. ಉಳುವಾಗ ಟ್ರ್ಯಾಕ್ಟರಿನ ಬಲಗಡೆಯ ಚಕ್ರ ಹಿಂದಿನ ಸಲ ಉತ್ತ ಸಾಲಿನೊಳಗೆ ಓಡುತ್ತದೆ. ಆ ಚಕ್ರದ ಒಳ ಅಂಚಿನಿಂದ ಟ್ರ್ಯಾಕ್ಟರಿನ ನಡುವಿಗೆ ಇಪ್ಪತ್ತಮೂರು ಇಂಚು ಬಂತು. ಸೀಮೆಸುಣ್ಣದಲ್ಲಿ ಒಂದು ಗೆರೆ. ನೇಗಿಲಿನ ಒಂದೊಂದು ಗುಳ ಹದಿನಾಲ್ಕು ಇಂಚು ಅಗಲ ಕೊಯ್ಯುತ್ತದೆ, ನಾಲ್ಕು ಸೇರಿ ಐವತ್ತಾರು. ಅದರ ಅರ್ಧ ಇಪ್ಪತ್ತೆಂಟು. ಅದೇ ಅಂಚಿನಿಂದ ಅಷ್ಟು ದೂರಕ್ಕೆ ಇನ್ನೊಂದು ಗೆರೆ. ಎಳೆಯುವವನ ಮಧ್ಯ ಒಂದು ಕಡೆ, ಎಳೆಸಿಕೊಳ್ಳುವವನ ಮಧ್ಯ ಐದು ಇಂಚು ಎಡಕ್ಕೆ. ಮುದುಕ ಎಡಕ್ಕೆ ತಿರುಗಿದ್ದು ಅವನ ಹಟದಿಂದಲ್ಲ.

ಅತ್ತಿಗೆ ಎದ್ದು ನೇಗಿಲಿನ ಬೆನ್ನಿನ ಮೇಲೆ ಕೈಯಾಡಿಸುತ್ತಾ ಹಿಂದಕ್ಕೆ ನಡೆದರು. ಮೂರನೆಯ ಗುಳ ದಾಟಿದ ಕೂಡಲೇ ಅವರ ಬೆರಳು ನಿಂತಿತು. ಉಗುರಿನಿಂದ ಬಣ್ಣ ಕೆರೆದರು. ಕೆಳಗೆ ಬೋಲ್ಟಿನ ತಲೆ. ಪಕ್ಕದಲ್ಲಿ ಇನ್ನೊಂದು, ಆಚೆ ಬದಿಯಲ್ಲಿ ಎರಡು. ಮೊದಲ ಮೂರು ಗುಳಗಳು ಒಂದೇ ಉಕ್ಕಿನ ತೊಲೆಗೆ ಸೇರಿದ್ದವು. ನಾಲ್ಕನೆಯದು ಮಾತ್ರ ಬೇರೆ ತುಂಡು, ನಾಲ್ಕು ದಪ್ಪ ಬೋಲ್ಟುಗಳಲ್ಲಿ ತೊಲೆಯ ಬಾಲಕ್ಕೆ ಜೋಡಿಸಿದ್ದು. ಅಣ್ಣ ಮೆಚ್ಚಿಕೊಂಡಿದ್ದ ನೀಲಿ ಬಣ್ಣ ಅದರ ಮೇಲೆ ದಪ್ಪಗೆ ಕೂತಿತ್ತು.

“ರೀ, ಇಲ್ಲಿ ಬನ್ನಿ” ಎಂದರು ಅತ್ತಿಗೆ. “ಇದನ್ನ ಮಾಡಿದವನಿಗೆ ಗೊತ್ತಿತ್ತು. ಬೇಕಾದರೆ ಬಿಚ್ಚಿಕೊಳ್ಳಲಿ ಅಂತಲೇ ಇಲ್ಲಿ ಹೊಲಿಗೆ ಬಿಟ್ಟಿದಾನೆ.”

ಅಣ್ಣ ಬಂದು ನೋಡಿದ. ಅರ್ಥವಾಯಿತು. ಅರ್ಥವಾದದ್ದೇ ಬೇಡ ಎಂದು ತಲೆಯಾಡಿಸಿದ. “ನಾಲ್ಕು ಗುಳ ಅಂತ ಬೀದಿಗೆಲ್ಲ ಹೇಳಿದೀನಿ. ಈಗ ಮೂರು ಇಟ್ಕೊಂಡು ಹೋದ್ರೆ ಏನಂತಾರೆ?”

“ಅಂಗಿ ದೊಡ್ಡದಾದ್ರೆ ಅಂಗಿ ಬಿಚ್ತೀವಿ. ಹೊಟ್ಟೆ ಬೆಳೆಸ್ಕೊಂಡು ಬನ್ನಿ ಅನ್ನಲ್ಲ.”

“ನಿನಗೆ ತಮಾಷೆ” ಎಂದ ಅಣ್ಣ. ನೆಲ ನೋಡುತ್ತಾ ಹೇಳಿದ: “ಮುದುಕನ ಕೈಲಾಗಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ.”

ಅತ್ತಿಗೆ ಟೇಪನ್ನು ಸುತ್ತಿ ಕುತ್ತಿಗೆಗೆ ಹಾಕಿಕೊಂಡರು. “ನಾಲ್ಕರಲ್ಲಿ ಅವನು ಕೈಲಾಗದವನು. ಮೂರರಲ್ಲಿ ಗಟ್ಟಿಗ. ಯಾವುದು ಬೇಕು ನೀವೇ ಹೇಳಿ.”

ಅಣ್ಣ ಹೋಗಿ ಕಮ್ಮಾರರನ್ನು ಕರೆದುಕೊಂಡು ಬಂದ.

ಕಮ್ಮಾರ ತಾತನಿಗೆ ಎಪ್ಪತ್ತು ದಾಟಿದೆ, ಮಾತು ಕಡಿಮೆ. ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಅವು ನೆನೆಯುವವರೆಗೆ ನೆರಳಲ್ಲಿ ಕೂತರು, ಆಮೇಲೆ ಉದ್ದನೆಯ ಪಾನಾ ಹಾಕಿ ಒಂದೊಂದಾಗಿ ಅಲುಗಿಸಿದರು. ನಾಲ್ಕನೆಯ ಗುಳ ಕಳಚಿ ಬಂದ ಮೇಲೆ ಅದರ ಪಕ್ಕಕ್ಕಿದ್ದ ಉದ್ದನೆಯ ಪಟ್ಟಿಯನ್ನು ಬಿಚ್ಚಿ ಮೂರನೆಯದಕ್ಕೆ ಹಾಕಿದರು. ಕೊನೆಯ ಗುಳಕ್ಕೆ ಅದು ಇರಲೇಬೇಕು, ಸಾಲಿನ ಗೋಡೆಗೆ ಒರಗಿಕೊಂಡು ನೇಗಿಲು ಓಲಾಡದಂತೆ ಹಿಡಿಯುವುದು ಅದೇ ಎಂದರು. ಅದು ಅತ್ತಿಗೆಗೂ ಗೊತ್ತಿರಲಿಲ್ಲ. ಈಗ ಮೂರು ಗುಳದ ಅಗಲ ನಲವತ್ತೆರಡು ಇಂಚು, ಅರ್ಧ ಇಪ್ಪತ್ತೊಂದು. ಉಳಿದ ಎರಡು ಇಂಚನ್ನು ಟ್ರ್ಯಾಕ್ಟರಿಗೆ ಕಟ್ಟುವ ಕೊಂಡಿಯಲ್ಲೇ ನೇಗಿಲನ್ನು ಸರಿಸಿ ಸರಿಮಾಡಿದರು. ಸೀಮೆಸುಣ್ಣದ ಎರಡು ಗೆರೆಗಳು ಒಂದಾದವು.

ಮಧ್ಯಾಹ್ನ ಮತ್ತೆ ಪರೀಕ್ಷೆ. ಈ ಸಲ ಬದುವಿನ ಮೇಲೆ ನಾವು ಮೂವರೇ. ಬಾಲದ ಭಾರ ಹೋದದ್ದರಿಂದ ಮೂತಿ ಏಳಲಿಲ್ಲ. ನೀರು ತುಂಬಿದ ಟೈರುಗಳು ನೆಲ ಕಚ್ಚಿದವು. ಅಣ್ಣ ಕೆಳಗಿನ ಗೇರಿನಲ್ಲಿ ಹೊರಟವನು ಒಂದು ಗೇರು ಏರಿಸಿದ, ಸ್ವಲ್ಪ ದೂರ ಹೋಗಿ ಇನ್ನೊಂದು ಏರಿಸಿದ. ಎಂಜಿನ್ನಿನ ದನಿ ತಗ್ಗಲಿಲ್ಲ. ಮೂರು ಹಲಗೆಗಳ ಮೇಲಿಂದ ಕಪ್ಪು ಮಣ್ಣು ಸುರುಳಿ ಸುರುಳಿಯಾಗಿ ಮಗುಚಿ ಬಿದ್ದಿತು. ಹೊಲದ ತುದಿಗೆ ಹೋದ ಅಣ್ಣ ಅಲ್ಲಿಂದಲೇ ಎರಡೂ ಕೈ ಸ್ಟೇರಿಂಗಿನಿಂದ ಎತ್ತಿ ತೋರಿಸಿದ. ಅತ್ತಿಗೆ ಕೈಗಡಿಯಾರ ನೋಡುತ್ತಿದ್ದರು. ತಾತ, “ಕೈ ಕೆಳಗಿಡೋಕೆ ಹೇಳಮ್ಮ ಅವನಿಗೆ” ಎಂದು ನನಗೆ ಹೇಳಿ ಪಾನಾ ಎತ್ತಿಕೊಂಡು ಹೋದರು.

ಆದರೆ ಕೈಗಡಿಯಾರದ ಲೆಕ್ಕ ಇನ್ನೂ ಸರಿಬಂದಿರಲಿಲ್ಲ. ಆ ವೇಗದಲ್ಲಿ ಬೆಳಕಿರುವಷ್ಟು ಹೊತ್ತು ಉತ್ತರೂ ಹಳೆಯ ಸರದಿಯಲ್ಲಿ ಐವತ್ತೈದು ಎಕರೆಗೆ ಏಳೂವರೆ ದಿನ ಬೇಕಿತ್ತು. ಅತ್ತಿಗೆ ಅಂಗಡಿಗೆ ಬಂದು ಹಳೆಯ ಪತ್ರಿಕೆಯಲ್ಲಿ ಹನ್ನೊಂದು ಹೊಲಗಳನ್ನೂ ಅವುಗಳ ಆಕಾರಕ್ಕೆ ಕತ್ತರಿಸಿ ಮೇಜಿನ ಮೇಲೆ ಇಟ್ಟರು. ಆಮೇಲೆ ಅಣ್ಣನ ಸರದಿಯ ಪ್ರಕಾರ ಬೆರಳು ಓಡಿಸಿದರು. ಬೆರಳು ಉಳುವುದರ ನಡುವೆ ಎಷ್ಟೋ ಸಲ ಖಾಲಿ ಓಡಾಡುತ್ತಿತ್ತು. ಒಬ್ಬರದು ಮುಗಿಸಿ ಇನ್ನೊಂದು ತುದಿಗೆ. ಮಣ್ಣು ಒಂದೇ ಪಕ್ಕಕ್ಕೆ ಬೀಳುವುದರಿಂದ ಒಂದು ಪಟ್ಟಿಯಲ್ಲಿ ಉತ್ತುಕೊಂಡು ಹೋಗಿ ತಿರುಗಿ ಖಾಲಿ ಬರುವುದು.

“ಬಟ್ಟೆ ಹೀಗೆ ಕತ್ತರಿಸಿದ್ರೆ ಅರ್ಧ ಚಿಂದಿಯಾಗಿ ಹೋಗುತ್ತೆ” ಎಂದರು.

ಅವರು ಇಟ್ಟ ಹೊಸ ಲೆಕ್ಕ ಇದು: ಪೂರ್ವದ ತುದಿಯಿಂದ ಹಿಡಿಯುವುದು, ಪಕ್ಕಪಕ್ಕದ ಎರಡು ಹೊಲಗಳನ್ನು ಜೋಡಿ ಮಾಡುವುದು, ಒಬ್ಬರ ಹೊಲದಲ್ಲಿ ಉತ್ತುಕೊಂಡು ಹೋಗಿ ಪಕ್ಕದವರ ಹೊಲದಲ್ಲಿ ಉತ್ತುಕೊಂಡು ಬರುವುದು. ಒಂಟಿಯಾಗಿ ಉಳಿಯುವ ಹನ್ನೊಂದನೆಯದನ್ನು ನಡುವೆ ಸೀಳಿ ಅದನ್ನೇ ಜೋಡಿ ಮಾಡುವುದು. ಖಾಲಿ ಓಡಾಟವೇ ಇಲ್ಲ. ಆರು ದಿನಕ್ಕೆ ಸರಿಯಾಗಿ ಕೂರುತ್ತಿತ್ತು, ಒಂದು ಇಂಚೂ ಮಿಕ್ಕುತ್ತಿರಲಿಲ್ಲ. ಆದರೆ ಅಣ್ಣನ ಸರದಿ ಮುರಿಯಬೇಕು. ಇಪ್ಪತ್ತು ವರ್ಷದ ಮಾತು ತಪ್ಪಲಾರೆ ಎಂದು ಅವನು ಕೂತ. ಸರದಿ ಇರುವುದು ಅವರದು, ಅವರೇ ಬಿಟ್ಟುಕೊಟ್ಟರೆ ನಿಮ್ಮ ಮಾತು ಎಲ್ಲಿ ತಪ್ಪಿತು ಎಂದು ಅತ್ತಿಗೆ ಕೇಳಿದರು. ಅಂದು ಸಂಜೆಯೊಳಗೆ ಹತ್ತು ಮನೆಗೆ ಹೋಗಿ ಬಂದರು. ಒಬ್ಬರಿಗೆ ಅಂಗಿಯ ತೋಳು ಸರಿಮಾಡಿಕೊಡುವ ನೆಪ, ಇನ್ನೊಬ್ಬರಿಗೆ ಮಗಳ ಲಂಗದ ಅಳತೆ. ನಾಲ್ಕು ವರ್ಷದಿಂದ ಒಬ್ಬರನ್ನೊಬ್ಬರು ಮಾತಾಡಿಸದ ಇಬ್ಬರ ಹೊಲಗಳು ಜೋಡಿಯಾಗಿದ್ದವು. ಟ್ರ್ಯಾಕ್ಟರ್ ಮಾತಾಡುತ್ತದೆಯೇ, ಅದು ಸುಮ್ಮನೆ ಹೋಗಿ ಬರುತ್ತದೆ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಒಪ್ಪಿಸಿದರಂತೆ.

ಉಳಿದವರು ಡೇರಿ ಮಾಮ. ಆ ವರ್ಷ ಮೊದಲು ಬಂದು ಹೇಳಿದವರು ಅವರೇ, ಅತ್ತಿಗೆಯ ಲೆಕ್ಕದಲ್ಲಿ ಕೊನೆಗೆ ಬಿದ್ದವರೂ ಅವರೇ. ಅವರ ಹೊಲ ಪಶ್ಚಿಮದಲ್ಲಿ ನಮ್ಮದಕ್ಕೆ ಅಂಟಿಕೊಂಡಿದೆ. ಹೊಸ ಅಂಗಿಗೆ ಅಳತೆ ಕೊಡಲು ಅವರು ಕತ್ತಲಾಗುವ ಮೊದಲು ಅಂಗಡಿಗೆ ಬಂದರು. ನಾನು ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದೆ. ಅತ್ತಿಗೆ ಎದೆ ಅಳೆದರು, ತೋಳು ಅಳೆದರು, ಕಾಲರಿಗೆಂದು ಟೇಪನ್ನು ಅವರ ಕುತ್ತಿಗೆಯ ಸುತ್ತ ತಂದರು. ಅಲ್ಲಿ ನಿಲ್ಲಿಸಿ ವಿಷಯ ಹೇಳಿದರು.

“ಮೊದಲು ಹೇಳಿದ ನಾನೇ ಕೊನೆಗಾ?” ಎಂದರು ಡೇರಿ ಮಾಮ.

“ಆಗುತ್ತೋ ಇಲ್ವೋ ಅಂತ ಕಾಯೋರು ಕೊನೇಲಿದ್ರೇ ಒಳ್ಳೇದು ಮಾಮ. ನಡುವೆ ಇದ್ರೆ ನಿಮ್ಮದು ಮುಗಿದ ಮೇಲೆ ಕಾಯೋರು ಯಾರು?”

ಮಾಮನಿಗೆ ನಗು ಬಂತು, ಆದರೆ ಟೇಪು ಇದ್ದದ್ದರಿಂದ ಪೂರ್ತಿ ನಗಲಾಗಲಿಲ್ಲ. “ಆಗಲಿ. ಭಾನುವಾರ ಸೂರ್ಯ ಮುಳುಗೋ ಹೊತ್ತಿಗೆ ಹನ್ನೊಂದೂ ಆಗಿರಬೇಕು. ಒಂದು ಸಾಲು ಉಳಿದರೂ ಅದನ್ನ ಆ ದೊಡ್ಡ ಟ್ರ್ಯಾಕ್ಟರು ಮುಗಿಸುತ್ತೆ, ಮುಂದಿನ ವರ್ಷದಿಂದ ಪೂರ್ತಿ ಅದೇ. ಇದಕ್ಕೆ ನೀನು ಬೇಜಾರು ಮಾಡ್ಕೋಬಾರದು.”

“ಹದಿನೇಳೂವರೆ” ಎಂದು ಅತ್ತಿಗೆ ಗಟ್ಟಿಯಾಗಿ ಹೇಳಿ ಟೇಪ್ ಬಿಟ್ಟರು.

ಮಂಗಳವಾರ ಬೆಳಕು ಹರಿಯುತ್ತಲೇ ಮುದುಕ ಪೂರ್ವದ ತುದಿಯಲ್ಲಿದ್ದ. ಆ ಆರು ದಿನ ನಮ್ಮ ಬೀದಿಯಲ್ಲಿ ಗಡಿಯಾರವೇ ಬೇಕಿರಲಿಲ್ಲ. ಎಂಜಿನ್ನಿನ ಸದ್ದು ದೂರ ಹೋದರೆ ಒಂದು ಸಾಲು, ಹತ್ತಿರ ಬಂದರೆ ಇನ್ನೊಂದು. ನಾನು ಮಧ್ಯಾಹ್ನ ಊಟದ ಡಬ್ಬ ಕೊಂಡುಹೋದರೆ ಅಣ್ಣ ಇಳಿಯದೆ, ನಿಲ್ಲಿಸಿದಲ್ಲೇ ಕೂತು ಉಣ್ಣುತ್ತಿದ್ದ. ಮಾತಾಡದ ಆ ಇಬ್ಬರು ಬುಧವಾರ ಹೊಲದ ಒಂದೊಂದು ತುದಿಯಲ್ಲಿ ನಿಂತು ಯಾರ ಕಡೆ ಸಾಲು ಆಳವಾಗಿದೆ ಎಂದು ನೋಡುತ್ತಿದ್ದರು. ಸಂಜೆಯ ವೇಳೆಗೆ ಆಳದ ವಿಷಯಕ್ಕೆ ಕೂಗಾಡುತ್ತಿದ್ದರು. ಏನೇ ಆಗಲಿ ಮಾತಾಡಿದರು ಎಂದು ಬೀದಿಗೆ ಸಂತೋಷವಾಯಿತು. ಶುಕ್ರವಾರ ಒಂದು ಗುಳ ಕಲ್ಲಿಗೆ ಬಡಿದು ಅದರ ತುದಿ ಮುರಿಯಿತು. ಕಳಚಿಟ್ಟಿದ್ದ ನಾಲ್ಕನೆಯ ತುಂಡಿನ ಗುಳವನ್ನು ತಾತ ಬಿಚ್ಚಿ ಅಲ್ಲಿಗೆ ಹಾಕಿದರು. ಒಂದೂವರೆ ಗಂಟೆ ಹೋಯಿತು. ಆ ಒಂದೂವರೆ ಗಂಟೆಯನ್ನು ಅಣ್ಣ ಶನಿವಾರ ಮೊದಲ ಬೆಳಕಿನಲ್ಲೇ ಹೊರಟು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಪಡೆದ.

ಭಾನುವಾರ ಸಂಜೆ ಐದಕ್ಕೆ ಡೇರಿ ಮಾಮನ ಹೊಲದಲ್ಲಿ ಇನ್ನೂ ಹನ್ನೆರಡು ಸಲದ ಓಡಾಟ ಉಳಿದಿತ್ತು. ಬೀದಿಯೆಲ್ಲ ಮತ್ತೆ ಬದುವಿನ ಮೇಲೆ ಬಂದಿತ್ತು, ಯಾರೂ ನಗುತ್ತಿರಲಿಲ್ಲ. ಎಂಟು ಉಳಿಯಿತು, ಐದು ಉಳಿಯಿತು. ಸೂರ್ಯ ನೀರಿನ ಟ್ಯಾಂಕಿನ ಹಿಂದೆ ಇಳಿದ. ಎರಡು ಉಳಿದಾಗ ಅಣ್ಣನಿಗೆ ಎದುರು ಬೆಳಕಿನಲ್ಲಿ ಸಾಲು ಕಾಣದಾಯಿತು. ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಓಡಿಸಿದ. ನಾನು ದೇವರ ಹೆಸರನ್ನು ಹೇಳಿಕೊಳ್ಳುತ್ತಿದ್ದೆ, ಪಕ್ಕದಲ್ಲಿ ತಾತನ ತುಟಿಯೂ ಅಲ್ಲಾಡುತ್ತಿತ್ತು. ಕೊನೆಯ ಸಾಲಿನ ತುದಿಯಲ್ಲಿ ಅಣ್ಣ ನೇಗಿಲನ್ನು ಎತ್ತಿದಾಗ ಟ್ಯಾಂಕಿನ ಒಂದು ಪಕ್ಕದಲ್ಲಿ ಸೂರ್ಯನ ತೆಳ್ಳನೆಯ ಅಂಚು ಇನ್ನೂ ಇತ್ತು.

ಡೇರಿ ಮಾಮ ಆ ಕೊನೆಯ ಸಾಲಿನಲ್ಲಿ ಇಳಿದು ಉದ್ದಕ್ಕೂ ನಡೆದರು. ಅಲ್ಲಲ್ಲಿ ಬಗ್ಗಿ ಆಳ ನೋಡಿದರು. ಅಣ್ಣ ಎಂಜಿನ್ ನಿಲ್ಲಿಸದೆ ಕೂತಿದ್ದ. ಮಾಮ ತುದಿಗೆ ಬಂದು ಚಪ್ಪಲಿಯ ಮಣ್ಣು ಬಡಿದುಕೊಂಡು, ಮುಂದಿನ ವರ್ಷಕ್ಕೂ ನಮ್ಮದು ಹೇಳಿದೆ ಕಣೋ, ನೆನಪಿಟ್ಟುಕೋ ಎಂದರು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಣ್ಣ ಇಳಿದ. ಇಳಿದವನ ಕಣ್ಣು ಬದುವಿನ ಆಚೆ ಹೋಯಿತು. ಅಲ್ಲಿ ನಮ್ಮ ಮೂರು ಎಕರೆ ಹಾಗೆಯೇ ಬಿದ್ದಿತ್ತು, ಪರೀಕ್ಷೆ ಮಾಡಿದ ಮೂಲೆಯೊಂದನ್ನು ಬಿಟ್ಟು. ನಾಳೆ ಬೆಳಿಗ್ಗೆ ಬಿತ್ತನೆಯ ಯಂತ್ರ.

“ನಮ್ಮದು?” ಎಂದ, ಅತ್ತಿಗೆಯ ಕಡೆ ತಿರುಗಿ.

ಅತ್ತಿಗೆಗೆ ಅದು ಮೊದಲ ದಿನವೇ ಗೊತ್ತಿತ್ತು. ಮೇಜಿನ ಮೇಲೆ ಪತ್ರಿಕೆಯ ತುಂಡುಗಳನ್ನು ಜೋಡಿಸುವಾಗ ಅವರು ನಮ್ಮ ಹೊಲಕ್ಕೆ ತುಂಡು ಕತ್ತರಿಸಿಯೇ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. “ದರ್ಜಿ ಮನೆಯವರ ಬಟ್ಟೆ ಯಾವತ್ತು ಮೊದಲು ಆಗಿದೆ?” ಎಂದರು ಅವರು. “ಆರು ದಿನಕ್ಕೆ ಅಷ್ಟೇ ಬಟ್ಟೆ ಇದ್ದದ್ದು ರೀ. ನಮ್ಮದನ್ನ ಕೈಯಲ್ಲೇ ಬಿತ್ತೋಣ ಬಿಡಿ.”

ಮಾತಾಡಿದ್ದು ಡೇರಿ ಮಾಮ. ಬಿತ್ತನೆಯ ಯಂತ್ರ ಪೂರ್ವದ ತುದಿಯಿಂದ ಶುರುಮಾಡಿದರೆ ನಮ್ಮ ಕಡೆಗೆ ಬರುವುದು ಮಂಗಳವಾರ ಬೆಳಿಗ್ಗೆ, ಹಾಗೆ ಮಾಡಿಸುವ ಜವಾಬ್ದಾರಿ ತನ್ನದು ಎಂದರು. “ಮೂರು ಎಕರೆಗೆ ಒಂದು ದಿನ ಸಾಕಲ್ಲ ನಿನ್ನ ಮುದುಕನಿಗೆ?” ಅಣ್ಣ ಅರ್ಧ ದಿನ ಸಾಕು ಎಂದ. ಅವಸರದಲ್ಲಿ ಹೇಳಿದ್ದಲ್ಲ ಅದು, ಲೆಕ್ಕ ಹಾಕಿಯೇ ಹೇಳಿದ.

ಸೋಮವಾರ ಅವನು ಎಂಟು ಗಂಟೆಯವರೆಗೆ ಮಲಗಿದ್ದು ಎದ್ದು ಹೋದ. ದೂರದಲ್ಲಿ ಬಿತ್ತನೆಯ ಯಂತ್ರ ಪೂರ್ವದ ಹೊಲಗಳಲ್ಲಿ ಓಡಾಡುತ್ತಿತ್ತು. ಇತ್ತ ನಮ್ಮ ಹೊಲದಲ್ಲಿ ಮುದುಕ ಯಾರ ಕಾವಲೂ ಇಲ್ಲದೆ ಆರಾಮವಾಗಿ ಹೋಗಿ ಬರುತ್ತಿದ್ದ. ನಾನು ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಅಂಗಡಿಗೆ ಬಂದೆ. ಅತ್ತಿಗೆ ಡೇರಿ ಮಾಮನ ಅಂಗಿಯ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ನೆರಿಗೆಗಳನ್ನು ಅಂಗೈಯಿಂದ ಸರಿಮಾಡುತ್ತಿದ್ದರು. ಅಣ್ಣ ಹೇಗಿದ್ದಾನೆ ಎಂದು ಕೇಳಿದರು.

“ಹಾಡು ಹೇಳ್ತಾ ಉಳ್ತಿದಾನೆ” ಎಂದೆ.

“ಶ್ರುತಿ?”

“ಅದೊಂದು ಸರಿಯಿಲ್ಲ.”

ಅತ್ತಿಗೆ ತಲೆಯಾಡಿಸಿ, ಕತ್ತರಿ ಕೈಗೆ ತೆಗೆದುಕೊಂಡರು.